ಗೆಳೆಯರ ಕ್ಲ್ಯಾನ್‌ಗೆ ನಾನು ಲೀಡರ್, ಗೆಳೆಯನೇ ಮಾತು ಬಿಟ್ಟಿದ್ದಾನೆ

ಪ್ರಶ್ನೆ: ಮೇಡಂ, ನನಗೀಗ 31 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. 2015ರಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಎಂಟು ಜನ ಸೇರಿ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಎಂಬ ಮೊಬೈಲ್ ಆಟದಲ್ಲಿ ಒಂದು ಕ್ಲ್ಯಾನ್, ಅಂದರೆ ತಂಡ, ಕಟ್ಟಿದೆವು. ನಾನೇ ಲೀಡರ್, ಇವತ್ತಿಗೂ. ಈಗ 34 ಜನ ಇದ್ದೇವೆ. ಹಾಸ್ಟೆಲ್ ಗೆಳೆಯರು, ಅವರ ತಮ್ಮಂದಿರು, ಭಾವಮೈದುನರು ಸೇರಿ 19. ಉಳಿದವರು ಆಟದಲ್ಲೇ ಪರಿಚಯವಾದವರು, ತುಂಬ ಚೆನ್ನಾಗಿ ಆಡುತ್ತಾರೆ. ಹಳಬರು ವಾರ್‌ನಲ್ಲಿ, ಅಂದರೆ ಇನ್ನೊಂದು ಕ್ಲ್ಯಾನಿನ ಜೊತೆಗಿನ ಪಂದ್ಯದಲ್ಲಿ, ತಮ್ಮ ಪಾಲಿನ ಅಟ್ಯಾಕ್ ಮಾಡದೆ ಬಿಡುತ್ತಾರೆ ಎಂದು ಇವರು ದೂರಿದ್ದಕ್ಕೆ, ‘ಸತತ ಮೂರು ವಾರ್ ಮಿಸ್ ಆದರೆ ಕ್ಲ್ಯಾನಿನಿಂದ ಹೊರಗೆ’ ಎಂದು ರೂಲ್ ಮಾಡಿದೆ. ಕಳೆದ ತಿಂಗಳು ನಾನು ನಿದ್ದೆಯಲ್ಲಿದ್ದಾಗ ನಮ್ಮ ಕೋ-ಲೀಡರ್, ಅವನೂ ಹಾಸ್ಟೆಲ್ ಗೆಳೆಯನೇ, ದುಬೈಯಲ್ಲಿ ಶಿಫ್ಟ್ ಕೆಲಸ ಮಾಡುವ ನಮ್ಮ ಹಳೆಯ ಗೆಳೆಯನನ್ನು ಕ್ಲ್ಯಾನಿನಿಂದ ಕಿಕ್ ಮಾಡಿ ಹೊರಹಾಕಿದ. ‘ಮೂರು ವಾರ್ ಮಿಸ್, ರೂಲ್ ಅಂದ್ರೆ ರೂಲ್’ ಅಂತ ಕಾರಣ ಬರೆದಿದ್ದ. ಆ ಗೆಳೆಯ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋದ. ಮೊನ್ನೆ ರಜೆಗೆ ಊರಿಗೆ ಬಂದವನು ನನಗೆ ಒಂದು ಮಾತೂ ಹೇಳದೆ ವಾಪಸ್ ಹೋಗಿದ್ದಾನೆ. ಪ್ರತಿ ತಿಂಗಳು ಲೀಗ್ ಮುಗಿದಾಗ ಬೋನಸ್ ಪದಕ ಯಾರಿಗೆ ಎಂಬ ಜಗಳ ಬೇರೆ. ‘ದುಡ್ಡು ಬರದ ಇನ್ನೊಂದು ಕೆಲಸ ಹಿಡಿದಿದ್ದೀಯ, ಇದು ಚಟ’ ಅಂತಾಳೆ ಹೆಂಡತಿ. ನಾನು ಇನ್ನಷ್ಟು ಸ್ಟ್ರಿಕ್ಟ್ ಆಗಬೇಕಾ? ಲೀಡರ್ ಪಟ್ಟ ಬಿಟ್ಟುಕೊಡಲಾ? ಒಂದು ಮೊಬೈಲ್ ಆಟಕ್ಕೆ ಇಷ್ಟು ತಲೆ ಕೆಡಿಸಿಕೊಂಡಿರುವುದೇ ತಪ್ಪಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ತಪ್ಪಲ್ಲ. ಎಂಟು ಹುಡುಗರು ಹಾಸ್ಟೆಲ್ ಬಿಟ್ಟು ಬೇರೆ ಬೇರೆ ಊರು, ದೇಶ ಸೇರಿದ ಮೇಲೂ ಇಷ್ಟು ವರ್ಷ ದಿನವೂ ಒಂದೇ ಕಡೆ ಬಂದು ಮುಖ ತೋರಿಸಿ ಹೋಗುತ್ತಿದ್ದರು ಎಂದರೆ ಅದು ಸಣ್ಣ ವಿಷಯವಲ್ಲ. ಮದುವೆ, ಮಕ್ಕಳು, ಸಾಲ ಎಂದು ಗೆಳೆತನ ಹೊಸ ವರ್ಷದ ಶುಭಾಶಯಕ್ಕೆ ಇಳಿದುಬಿಟ್ಟವರನ್ನು ನಾನು ಆಪ್ತಸಮಾಲೋಚನೆಯಲ್ಲಿ ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ನಿಮಗೆ ನೋವಾಗಿರುವುದು ಆಟದ ವಿಷಯಕ್ಕಲ್ಲ, ಗೆಳೆಯ ಊರಿಗೆ ಬಂದು ಹೇಳದೆ ಹೋದದ್ದಕ್ಕೆ. ಪತ್ರದಲ್ಲಿ ನೀವು ಆ ವಾಕ್ಯ ಬರೆದ ರೀತಿಯಲ್ಲೇ ಅದು ಕಾಣುತ್ತದೆ.

ನನ್ನ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ಜನ ಸಂಬಳವಿಲ್ಲದೆ, ಇಷ್ಟಪಟ್ಟು ಕಟ್ಟಿಕೊಂಡ ತಂಡಗಳ ಜೊತೆ ನಾನು ಹೆಚ್ಚು ಕೆಲಸ ಮಾಡಿದ್ದೇನೆ: ಹವ್ಯಾಸಿ ನಾಟಕ ತಂಡ, ಚಾರಣದ ಗುಂಪು, ಅಪಾರ್ಟ್‌ಮೆಂಟಿನ ಗಣೇಶೋತ್ಸವ ಸಮಿತಿ, ಈಚಿನ ವರ್ಷಗಳಲ್ಲಿ ಆಟದ ಕ್ಲ್ಯಾನ್‌ಗಳು. ಅಣ್ಣನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಇರುವ ನಮ್ಮ ಮನೆಯದೇ ಕ್ಲ್ಯಾನಿನಲ್ಲಿ ಎರಡು ವರ್ಷ ಲೀಡರ್ ಆಗಿದ್ದೆ. ಈ ತಂಡಗಳೆಲ್ಲ ಒಡೆಯುವುದು ಒಂದೇ ಜಾಗದಲ್ಲಿ. ಬಂದವರು ಯಾತಕ್ಕೆ ಬಂದಿದ್ದಾರೆ ಎಂದು ಯಾರೂ ಕೇಳಿರುವುದಿಲ್ಲ. ಎಲ್ಲರೂ ನನ್ನ ಹಾಗೇ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ.

ಎರಡು ವರ್ಷದ ಹಿಂದೆ ಐವರು ಹುಡುಗರು ಒಟ್ಟಿಗೆ ಬಂದಿದ್ದರು. ಅವರದೂ ನಿಮ್ಮಂಥದ್ದೇ ಜಗಳ. ಐದು ಚೀಟಿ ಕೊಟ್ಟು, ‘ಈ ಕ್ಲ್ಯಾನಿನಲ್ಲಿ ನೀವು ಯಾಕಿದ್ದೀರಿ, ಒಂದೇ ಸಾಲು ಬರೆಯಿರಿ, ಪಕ್ಕದವನದ್ದು ನೋಡಬೇಡಿ’ ಎಂದೆ. ಒಬ್ಬ ‘ವಾರ್ ಗೆಲ್ಲೋಕೆ’ ಎಂದು ಬರೆದಿದ್ದ. ಇನ್ನೊಬ್ಬ ‘ನನ್ನ ಬೇಸ್ ಕಟ್ಟೋದು ಇಷ್ಟ’ ಎಂದಿದ್ದ, ಬೇಸ್ ಎಂದರೆ ಆಟದೊಳಗೆ ಅವನು ಕಟ್ಟಿಕೊಳ್ಳುವ ಕೋಟೆಯೂರು. ಮೂರನೆಯವನು ‘ಎಲ್ಲರೂ ಇದ್ದಾರೆ ಅಂತ’. ನಾಲ್ಕನೆಯವನು ಖಾಲಿ ಚೀಟಿ ಕೊಟ್ಟ. ಐದನೆಯ ಚೀಟಿಯಲ್ಲಿ, ಸ್ವಲ್ಪ ಒತ್ತಿ ಬರೆದ ಅಕ್ಷರಗಳಲ್ಲಿ, ಹೀಗಿತ್ತು: ‘ರಾತ್ರಿ ಹತ್ತರ ಮೇಲೆ ನನ್ನ ಜೊತೆ ಮಾತಾಡೋರು ಇವರೇ.’ ವಾರ್‌ನಲ್ಲಿ ಅತಿ ಹೆಚ್ಚು ಅಟ್ಯಾಕ್ ಬಿಡುತ್ತಿದ್ದ ಹುಡುಗ ಅವನೇ. ಅವನನ್ನು ತೆಗೆಯಬೇಕು ಎಂದೇ ಉಳಿದವರು ನನ್ನ ಬಳಿ ಬಂದದ್ದು.

ಈ ವಿಷಯವನ್ನು ಆಟ ಕಟ್ಟಿದವರು ಬಹಳ ಹಿಂದೆಯೇ ಗಮನಿಸಿದ್ದರು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟವಿತ್ತು. ಚಿತ್ರವಿಲ್ಲ, ಬರೀ ಅಕ್ಷರ. ಆದರೂ ಹಲವರು ಒಂದೇ ಲೋಕದಲ್ಲಿ ಸೇರಿ ಆಡುವ ಆಟಗಳಿಗೆಲ್ಲ ಅದು ಅಜ್ಜನಿದ್ದ ಹಾಗೆ. ಜನ ಇಂಥ ಆಟಕ್ಕೆ ಯಾಕೆ ಬರುತ್ತಾರೆ ಎಂಬುದರ ಬಗ್ಗೆ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದು, ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೋಲಿಸಿದರು. ಡೈಮಂಡ್ ಎಂದರೆ ಸಂಪತ್ತು, ಅಂಕ, ಗೆಲುವು ಕೂಡಿಸುವವರು. ಇಸ್ಪೀಟು (ಸ್ಪೇಡ್) ಎಂದರೆ ಅಗೆದು ನೋಡುವವರು, ಆಟದ ಒಳಗುಟ್ಟು ಹುಡುಕುವವರು. ಆಟೀನು ಎಂದರೆ ಜನಕ್ಕಾಗಿ ಬಂದವರು. ಕಳಾವರ್ ಎಂದರೆ ಇನ್ನೊಬ್ಬರನ್ನು ಬಗ್ಗುಬಡಿಯುವುದರಲ್ಲೇ ಖುಷಿ ಕಾಣುವವರು. ಯಾರೂ ಪೂರ್ತಿ ಒಂದೇ ಬಣ್ಣವಲ್ಲ, ಇದನ್ನು ಜಾತಕದ ಹಾಗೆ ಹಿಡಿದು ಕೂರಬೇಡಿ. ಆದರೆ ನಿಮ್ಮ ಕ್ಲ್ಯಾನಿಗೆ ಇದನ್ನು ಒಮ್ಮೆ ಹಚ್ಚಿ ನೋಡಿ. ಹೊರಗಿನಿಂದ ಬಂದ ಹದಿನೈದು ಜನರಲ್ಲಿ ಹೆಚ್ಚಿನವರು ಡೈಮಂಡ್. ದುಬೈ ಗೆಳೆಯ ಬಹುಶಃ ಆಟೀನು. ಡೈಮಂಡಿನವರ ದೂರಿಗೆ ನೀವು ಮಾಡಿದ ರೂಲ್ ಆಟೀನಿನವನ ಮೇಲೆ ಬಿತ್ತು.

ನಿಮ್ಮ ಪತ್ರದೊಳಗೆ ಕೂತಿರುವ ಕೆಲವು ನಂಬಿಕೆಗಳನ್ನು ಈಗ ನೋಡೋಣ.

‘ಅಟ್ಯಾಕ್ ಮಾಡಲಿಲ್ಲ ಅಂದರೆ ಆಸಕ್ತಿ ಇಲ್ಲ.’ ಇದು ಬಹಳ ಸಲ ಸುಳ್ಳು. ಅಟ್ಯಾಕ್ ಬಿಟ್ಟು ಹೋಗುವುದಕ್ಕೆ ನಾನು ಕೇಳಿರುವ ಕಾರಣಗಳು ಇವು: ವಾರ್ ಶುರುವಾದದ್ದೇ ಗೊತ್ತಾಗಲಿಲ್ಲ, ಮಗು ಎದ್ದುಬಿಟ್ಟಿತು, ಎದುರಿನ ಬೇಸ್ ತನಗಿಂತ ದೊಡ್ಡದು, ಸೋತು ಎಲ್ಲರೆದುರು ಮೂರರಲ್ಲಿ ಒಂದೇ ಸ್ಟಾರ್ ತರುವುದಕ್ಕಿಂತ ಸುಮ್ಮನಿರುವುದೇ ವಾಸಿ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊರಗಿನ ಚುರುಕು ಆಟಗಾರರು ಬಂದ ಮೇಲೆ ಹಳೆಯ ಗೆಳೆಯರು ಅಟ್ಯಾಕ್ ಬಿಡುವುದು ಹೆಚ್ಚಾಯಿತು ಎಂದರೆ ಅದು ಸೋಮಾರಿತನವಲ್ಲ, ನಾಚಿಕೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ನಾಚಿಕೆಗೆ ಬೆದರಿಕೆ ಮದ್ದಲ್ಲ.

‘ದೊಡ್ಡ ವಾರ್ ಆಡಿದರೆ ಎಲ್ಲರಿಗೂ ಅವಕಾಶ.’ ಇದೂ ಅಷ್ಟು ನಿಜವಲ್ಲ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು, 1913ರಲ್ಲಿ ಅದನ್ನು ಪ್ರಕಟಿಸಿದರು. ಎಂಟು ಜನ ಒಟ್ಟಿಗೆ ಎಳೆದಾಗ ಬಂದ ಬಲ, ಅವರೆಲ್ಲ ಒಬ್ಬೊಬ್ಬರೇ ಎಳೆದಾಗಿನ ಬಲದ ಮೊತ್ತದ ಅರ್ಧದಷ್ಟೂ ಇರಲಿಲ್ಲ. ನಮ್ಮ ಊರಿನ ಹಗ್ಗ ಜಗ್ಗಾಟದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬರೀ ಹಗ್ಗ ಹಿಡಿದುಕೊಂಡವರನ್ನು ನೀವೂ ನೋಡಿರುತ್ತೀರಿ. ಎಳೆಯುವ ಹೊತ್ತು, ದಿಕ್ಕು ಹೊಂದದೇ ಹೋಗುವುದು ಒಂದು ಕಾರಣ, ನನ್ನೊಬ್ಬನಿಂದ ಏನಾದೀತು ಎನಿಸುವುದು ಇನ್ನೊಂದು. 1970–80ರ ದಶಕದ ಅಮೆರಿಕದ ಪ್ರಯೋಗಗಳಲ್ಲಿ ಗುಂಪಿನಲ್ಲಿ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಹಾಗೇ ಆಯಿತು. ಆದರೆ ಪ್ರತಿಯೊಬ್ಬರ ದನಿಯನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದಾಗ ಜನ ಹಿಂದೆ ಬೀಳಲಿಲ್ಲ. ಇಪ್ಪತ್ತು, ಮೂವತ್ತು ಜನರ ವಾರ್‌ನಲ್ಲಿ ಒಬ್ಬನ ಎರಡು ಅಟ್ಯಾಕ್ ಕಳೆದುಹೋಗುತ್ತವೆ. ಐದು ಜನರ ವಾರ್‌ನಲ್ಲಿ ಅದೇ ಎರಡು ಅಟ್ಯಾಕ್ ಒಟ್ಟು ಹತ್ತರಲ್ಲಿ ಎರಡು. ನಿಮ್ಮ ಆಟದಲ್ಲಿ ಐದು ಜನರಿಂದ ಐವತ್ತು ಜನರವರೆಗೆ ವಾರ್ ಇಡಬಹುದು, ನೀವು ಯಾಕೆ ಯಾವಾಗಲೂ ದೊಡ್ಡದನ್ನೇ ಇಡಬೇಕು?

‘ಗೆಳೆಯರ ನಡುವೆ ರೂಲ್ ಇರಬಾರದು.’ ಇದು ಇನ್ನೊಂದು ತುದಿಯ ತಪ್ಪು. ಹಳ್ಳಿಯಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತಲ್ಲ, ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಯಾರೂ ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ, ಆದರೂ ಯಾರೂ ಮರೆಯುತ್ತಿರಲಿಲ್ಲ. ಕ್ಲ್ಯಾನಿನ ಡೊನೇಶನ್ ನಡೆಯುವುದೂ ಹೀಗೇ, ಕೇಳಿದವನಿಗೆ ಪಡೆ ಕೊಡುವುದು, ನಾಳೆ ತನಗೆ ಬೇಕಾದಾಗ ಕೇಳುವುದು. ರೂಲ್ ಎಲ್ಲ ಕಡೆಯೂ ಇದ್ದೇ ಇರುತ್ತದೆ. ಅದನ್ನು ಮುರಿದರೆ ಏನು ಹೋಗುತ್ತದೆ ಎಂಬುದನ್ನಷ್ಟೇ ನೋಡಬೇಕು. ಮುಯ್ಯಾಳಿಗೆ ಬಾರದವನಿಗೆ ಮುಂದಿನ ಸಲ ಆಳು ಸಿಗದೇ ಹೋಗಬಹುದು. ಹಾಗಂತ ಅವನನ್ನು ಊರಿನಿಂದ ಆಚೆ ಹಾಕುತ್ತಿರಲಿಲ್ಲ.

ನಿಮ್ಮ ರೂಲಿನ ತೊಡಕು ಇಲ್ಲೇ ಇದೆ. ವಾರ್‌ನಲ್ಲಿ ಆದ ತಪ್ಪಿಗೆ ಮನೆಯಿಂದ ಹೊರಗೆ ಹಾಕುವ ಶಿಕ್ಷೆ ಇಟ್ಟಿರಿ. ವಾರ್ ಪಟ್ಟಿಯಲ್ಲಿ ಜಾಗ ಬೇರೆ, ಕ್ಲ್ಯಾನಿನಲ್ಲಿ ಜಾಗ ಬೇರೆ. ಆಟವೇ ಇವೆರಡನ್ನೂ ಬೇರೆ ಮಾಡಿಕೊಟ್ಟಿದೆ. ಪ್ರತಿಯೊಬ್ಬರ ಪ್ರೊಫೈಲಿನಲ್ಲೂ ‘ವಾರ್‌ಗೆ ಇದ್ದೇನೆ’ ಎನ್ನುವ ಹಸಿರು ಗುರುತು, ‘ಈಗ ಬೇಡ’ ಎನ್ನುವ ಕೆಂಪು ಗುರುತು ಇದೆಯಲ್ಲ. ಹೆಚ್ಚಿನ ಕ್ಲ್ಯಾನ್‌ಗಳಲ್ಲಿ ಲೀಡರ್ ಅದನ್ನು ನೋಡುವುದೇ ಇಲ್ಲ, ಸಂಖ್ಯೆ ತುಂಬಬೇಕೆಂದು ಕೆಂಪು ಇದ್ದವರನ್ನೂ ಪಟ್ಟಿಗೆ ಎಳೆದು ಹಾಕುತ್ತಾರೆ, ಆಮೇಲೆ ಅಟ್ಯಾಕ್ ಮಾಡಲಿಲ್ಲ ಎಂದು ಬೈಯುತ್ತಾರೆ. ನೀವೂ ಹಾಗೆ ಮಾಡಿದ್ದೀರಾ ಎಂದು ಒಮ್ಮೆ ನೆನಪಿಸಿಕೊಳ್ಳಿ. ದುಬೈ ಗೆಳೆಯನ ಗುರುತು ಆ ಮೂರು ವಾರ್‌ಗಳಲ್ಲಿ ಯಾವ ಬಣ್ಣದಲ್ಲಿತ್ತು?

ಕಾರಣಗಳ ಬಗ್ಗೆ ಇನ್ನೊಂದು ಮಾತು. ಹಾಸ್ಟೆಲಿನಲ್ಲಿದ್ದಾಗ ವಾರ್ ಯಾವಾಗ ಶುರುವಾದರೂ ನಡೆಯುತ್ತಿತ್ತು, ಒಂದು ಕಾರಿಡಾರಿನಲ್ಲಿ ಕೂಗಿದರೆ ಎಂಟೂ ಜನ ಬರುತ್ತಿದ್ದರು. ಈಗ ನಿಮ್ಮ ಹಳಬರಿಗೆ ಶಿಫ್ಟ್ ಇದೆ, ಮಕ್ಕಳಿದ್ದಾರೆ. ಆಟದಲ್ಲಿ ಎದುರಾಳಿ ಕ್ಲ್ಯಾನ್ ಸಿಕ್ಕ ಮೇಲೆ ತಯಾರಿಯ ದಿನ 23 ಗಂಟೆ, ಆಮೇಲೆ ಅಟ್ಯಾಕ್ ಮಾಡುವ ಯುದ್ಧದ ದಿನ 24 ಗಂಟೆ. ನೀವು ಭಾನುವಾರ ರಾತ್ರಿ ಬಿಡುವಾದಾಗ ವಾರ್ ಹುಡುಕಲು ಕೊಟ್ಟರೆ ಯುದ್ಧದ ದಿನ ಬರುವುದು ಸೋಮವಾರ ರಾತ್ರಿಯಿಂದ ಮಂಗಳವಾರ ರಾತ್ರಿಯವರೆಗೆ, ಅಂದರೆ ವಾರದ ಕೆಲಸದ ಮಧ್ಯೆ. ಬದಲಿಗೆ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕೊಡಿ. ಶನಿವಾರ ರಾತ್ರಿ ಸುಮಾರು ಎಂಟರಿಂದ ಭಾನುವಾರ ರಾತ್ರಿ ಎಂಟರವರೆಗೆ ಅಟ್ಯಾಕ್ ಮಾಡಬಹುದು. ದುಬೈಯಲ್ಲಿ ಅದು ಶನಿವಾರ ಸಂಜೆ ಆರೂವರೆ. ಇಷ್ಟು ಸಣ್ಣ ಬದಲಾವಣೆಯಿಂದ ಅಟ್ಯಾಕ್ ಬಿಡುವವರು ಅರ್ಧಕ್ಕರ್ಧ ಕಡಿಮೆಯಾದ ಕ್ಲ್ಯಾನನ್ನು ನಾನು ನೋಡಿದ್ದೇನೆ.

ಇನ್ನು ಬೋನಸ್ ಪದಕ. ಕ್ಲ್ಯಾನ್ ವಾರ್ ಲೀಗ್ 2018ರಲ್ಲಿ ಬಂದ ಮೇಲೆ ಗೆಳೆಯರ ಕ್ಲ್ಯಾನ್‌ಗಳಲ್ಲಿ ನಾನು ಕೇಳುವ ಜಗಳಗಳಲ್ಲಿ ಹೆಚ್ಚಿನವು ಇದರದ್ದೇ. ಆಟ ತಿಳಿಯದ ಓದುಗರಿಗಾಗಿ ಹೇಳುತ್ತೇನೆ. ಪ್ರತಿ ತಿಂಗಳ ಆರಂಭದಲ್ಲಿ ಎಂಟು ಕ್ಲ್ಯಾನ್‌ಗಳ ಗುಂಪಿನಲ್ಲಿ ಏಳು ದಿನ ಏಳು ವಾರ್, ದಿನಕ್ಕೆ ಒಬ್ಬರಿಗೆ ಒಂದೇ ಅಟ್ಯಾಕ್. ಕೊನೆಗೆ ಎಲ್ಲರಿಗೂ ಪದಕ ಬರುತ್ತದೆ, ಅದರ ಮೇಲೆ ಕೆಲವರಿಗೆ ಮಾತ್ರ ಹೆಚ್ಚುವರಿ ಬೋನಸ್, ಅದನ್ನು ಯಾರಿಗೆ ಕೊಡಬೇಕೆಂಬುದು ನಾಯಕನ ಕೈಯಲ್ಲಿ. ಒಬ್ಬ ಗೆಳೆಯನ ಕೈಗೆ ಪ್ರಸಾದದ ತಟ್ಟೆ ಕೊಟ್ಟು, ಹತ್ತಾರು ಗೆಳೆಯರಲ್ಲಿ ನಾಲ್ಕೈದು ಜನಕ್ಕೆ ಮಾತ್ರ ಹಂಚು ಎಂದ ಹಾಗೆ ಇದು.

ಚೆನ್ನಾಗಿ ಆಡಿದವರಿಗೆ ಕೊಡುವುದೇ ನ್ಯಾಯ ಎಂದು ನಿಮ್ಮ ಹೊರಗಿನ ಆಟಗಾರರು ಹೇಳುತ್ತಿರಬಹುದು. ಗೆಲ್ಲುವುದಕ್ಕೇ ಕಟ್ಟಿದ ಕ್ಲ್ಯಾನಿನಲ್ಲಿ ಅದು ಸರಿ. ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟದ ಗಿಲ್ಡ್‌ಗಳಲ್ಲಿ, ಅಂದರೆ ಅಲ್ಲಿನ ತಂಡಗಳಲ್ಲಿ, 1999ರಷ್ಟು ಹಿಂದೆಯೇ, ಬಂದು ದುಡಿದವರಿಗೆ ಅಂಕ, ಅಂಕ ಇದ್ದವರಿಗೆ ಲೂಟಿಯಲ್ಲಿ ಪಾಲು ಎಂಬ ಲೆಕ್ಕಪದ್ಧತಿ ಹುಟ್ಟಿಕೊಂಡಿತ್ತು. ಅಲ್ಲಿ ಎಲ್ಲರೂ ಲೂಟಿಗೇ ಬಂದವರು, ಆದ್ದರಿಂದ ಲೆಕ್ಕ ಯಾರಿಗೂ ಚುಚ್ಚುವುದಿಲ್ಲ. ಗೆಳೆಯರ ನಡುವೆ ಅಂಥ ಲೆಕ್ಕ ಇಟ್ಟರೆ ಚೆನ್ನಾಗಿ ಆಡುವ ನಾಲ್ವರಿಗೇ ಪ್ರತಿ ತಿಂಗಳೂ ಹೋಗುತ್ತದೆ, ಆ ನಾಲ್ವರು ಇನ್ನೂ ಬಲವಾಗುತ್ತಾರೆ, ಉಳಿದವರು ನೋಡುತ್ತಾ ಕೂರುತ್ತಾರೆ. ನಾನು ಸೂಚಿಸುವುದು ಚೀಟಿ ವ್ಯವಹಾರದ ಹಾಗೆ ಸರದಿ. ಹೆಸರುಗಳ ಒಂದು ಪಟ್ಟಿ, ಈ ತಿಂಗಳು ಮೇಲಿನ ಐದು ಹೆಸರು, ಮುಂದಿನ ತಿಂಗಳು ಕೆಳಗಿನ ಐದು. ಪಟ್ಟಿ ಎಲ್ಲರಿಗೂ ಕಾಣುವಂತೆ ವಾಟ್ಸಾಪ್ ಗುಂಪಿನಲ್ಲಿರಲಿ. ಒಂದೇ ಷರತ್ತು, ಪಟ್ಟಿಯಲ್ಲಿ ಹಾಕಿದ ದಿನಗಳ ಅಟ್ಯಾಕ್ ಮಾಡಿರಬೇಕು, ಎಷ್ಟು ಸ್ಟಾರ್ ಬಂತು ಎಂದು ಕೇಳುವಂತಿಲ್ಲ.

ಲೀಗಿನಲ್ಲಿ ಇನ್ನೊಂದು ಅನುಕೂಲವನ್ನು ಬಹಳ ಲೀಡರ್‌ಗಳು ಬಳಸುವುದಿಲ್ಲ. ಏಳು ದಿನದಲ್ಲಿ ಒಟ್ಟು ಎಂಟು ಸ್ಟಾರ್ ತಂದ ಆಟಗಾರನಿಗೆ ಪದಕ ಪೂರ್ತಿ ಬರುತ್ತದೆ, ಅದಕ್ಕಿಂತ ಹೆಚ್ಚು ತಂದರೂ ಪದಕ ಅಷ್ಟೇ. ದಿನಕ್ಕೆ ಎರಡು ಸ್ಟಾರಿನಂತೆ ನಾಲ್ಕು ದಿನ ಆಡಿದರೆ ಸಾಕು. 15 ಜನರ ಲೀಗಿನಲ್ಲಿ ಏಳು ದಿನಕ್ಕೆ 105 ಜಾಗ. ಒಬ್ಬರಿಗೆ ನಾಲ್ಕು ದಿನದಂತೆ ಹಂಚಿದರೆ 26 ಜನ ಆಡಬಹುದು. ಯಾವ ದಿನ ಯಾರು ಎಂಬುದನ್ನು ತಯಾರಿಯ ಹೊತ್ತಿನಲ್ಲಿ ಬದಲಾಯಿಸಬಹುದಾದ್ದರಿಂದ, ಶಿಫ್ಟ್ ಇರುವವನಿಗೆ ಅವನ ರಜೆಯ ದಿನವನ್ನೇ ಕೊಡಿ. ಇದರಿಂದ ಕ್ಲ್ಯಾನ್ ಒಂದು ಹಂತ ಕೆಳಗಿನ ಲೀಗಿಗೆ ಇಳಿಯುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಳಿದರೆ ಪದಕ ಸ್ವಲ್ಪ ಕಡಿಮೆ ಬರುತ್ತದೆ. ಆ ನಷ್ಟ ನಿಮ್ಮವರಿಗೆ ಒಪ್ಪಿಗೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಒಲವು ಮೊದಲನೆಯದರ ಕಡೆಗಿದೆ.

ಕ್ಲ್ಯಾನ್ ಇದ್ದ ಹಾಗೇ ಇರಲಿ, ಹೊರಹಾಕುವ ರೂಲ್ ತೆಗೆದುಬಿಡಿ. ಹಾಸ್ಟೆಲಿನವರು, ಮನೆಯವರು ಆರು ತಿಂಗಳು ಆಟ ತೆರೆಯದಿದ್ದರೂ ಅವರ ಹೆಸರು ಅಲ್ಲೇ ಇರುತ್ತದೆ. ಐವತ್ತು ಜಾಗದಲ್ಲಿ ನೀವು 34 ಜನ, ಜಾಗಕ್ಕೆ ಬರವಿಲ್ಲ. ವಾರ್‌ಗೆ ಮಾತ್ರ ಗಟ್ಟಿ ರೂಲ್: ಹಸಿರು ಗುರುತು ಇದ್ದವರನ್ನು ಮಾತ್ರ ತೆಗೆದುಕೊಳ್ಳುವುದು, ಹಸಿರಿದ್ದೂ ಅಟ್ಯಾಕ್ ಬಿಟ್ಟವರು ಮುಂದಿನ ಎರಡು ವಾರ್ ಕೂರುವುದು, ಅದರಾಚೆ ಮಾತಿಲ್ಲ. ಇದರ ಅಪಾಯ ಹೊರಗಿನಿಂದ ಬಂದವರಲ್ಲಿ ಕೆಲವರು ಬೇಸತ್ತು ಹೋಗಬಹುದು ಎಂಬುದು. ಹೋಗಲಿ ಎಂದು ನಾನು ಸುಲಭವಾಗಿ ಹೇಳಲಾರೆ, ಅವರೂ ನಿಮ್ಮ ಜೊತೆ ಹೊತ್ತು ಕಳೆದವರು. ಆದರೆ ಹೋಗುವವರಿಗೆ ಬೇರೆ ಕ್ಲ್ಯಾನ್ ಸಿಗುತ್ತದೆ. ನಿಮಗೆ ಬೇರೆ ಹಾಸ್ಟೆಲ್ ಗೆಳೆಯರು ಸಿಗುವುದಿಲ್ಲ.

ಎರಡನೆಯದು, ಜೋಡಿ ಕ್ಲ್ಯಾನ್. ಗೆಲ್ಲಲೇಬೇಕೆನ್ನುವವರು ಸೇರಿ ಇನ್ನೊಂದು ಕ್ಲ್ಯಾನ್ ಮಾಡಿಕೊಂಡು ಲೀಗಿನ ವಾರ ಅಲ್ಲಿಗೆ ಹೋಗಿ ಆಡಿ, ಮುಗಿದ ಮೇಲೆ ವಾಪಸ್ ಬರುವುದು. ಬಹಳ ಕಡೆ ಇದು ನಡೆಯುತ್ತದೆ, ಕೆಲವು ಕಡೆ ಚೆನ್ನಾಗಿಯೇ ನಡೆಯುತ್ತದೆ. ಹೋದವರು ಅಲ್ಲೇ ನೆಲೆಯಾದರೆ ಮೂಲ ಕ್ಲ್ಯಾನಿನ ಚಾಟ್ ತಣ್ಣಗಾಗುತ್ತದೆ, ಡೊನೇಶನ್ ಕೇಳಿದರೆ ಕೊಡುವವರಿರುವುದಿಲ್ಲ. ನಿಮ್ಮಲ್ಲಿ ವಾರ್ ಹುಚ್ಚಿನವರು ಹತ್ತು ಹದಿನೈದು ಜನವಾದರೂ ಇದ್ದರೆ ಮಾತ್ರ ಇದನ್ನು ಯೋಚಿಸಿ, ಅದರ ಹೊಣೆ ನೀವು ಹೊರಬೇಡಿ, ಅವರಲ್ಲೇ ಒಬ್ಬರು ಹೊರಲಿ.

ಮೂರನೆಯದು, ನೀವು ಕೇಳಿದ್ದು, ಪಟ್ಟ ಬಿಟ್ಟುಕೊಡುವುದು. ಸಿಟ್ಟಿನಲ್ಲಿ ಬೇಡ. ಆಟದಲ್ಲಿ ಲೀಡರ್ ಪಟ್ಟ ಕೊಟ್ಟರೆ ನೀವು ಕೋ-ಲೀಡರ್ ಆಗುತ್ತೀರಿ, ಹೊಸಬ ಮನಸ್ಸು ಮಾಡಿದರಷ್ಟೇ ಅದು ನಿಮಗೆ ವಾಪಸ್ ಬರುತ್ತದೆ. ಅದಕ್ಕಿಂತ ಮೊದಲು ಕೆಲಸ ಹಂಚಿ ನೋಡಿ. ವಾರ್ ಶುರುಮಾಡುವುದು, ಪಟ್ಟಿ ಮಾಡುವುದು, ವಾರ್ ಕ್ಯಾಸಲ್‌ಗೆ ಕಾವಲಿನ ಪಡೆ ತುಂಬಿಸುವುದು, ಅಟ್ಯಾಕ್ ಬಾಕಿ ಇದ್ದವರಿಗೆ ನೆನಪಿಸುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ಬೋನಸ್ ಸರದಿಯ ಪಟ್ಟಿ ನೋಡಿಕೊಳ್ಳುವುದು. ಇವೆಲ್ಲವನ್ನೂ ನೀವೊಬ್ಬರೇ ಮಾಡುತ್ತಿದ್ದೀರಿ ಎಂದು ನನ್ನ ಊಹೆ. ಮೂವರಿಗೆ ಎರಡೆರಡು ಕೊಡಿ.

ಕೋ-ಲೀಡರ್ ಸ್ಥಾನದ ಬಗ್ಗೆ ಎಚ್ಚರಿಕೆ ಬೇಕು. ಕೋ-ಲೀಡರ್ ಇನ್ನೊಬ್ಬ ಕೋ-ಲೀಡರನ್ನು ತೆಗೆಯಲಾರ, ಆದರೆ ತನಗಿಂತ ಕೆಳಗಿನ ಎಲ್ಡರ್‌ಗಳನ್ನೂ ಮೆಂಬರ್‌ಗಳನ್ನೂ ತೆಗೆಯಬಲ್ಲ. ‘ಗೆಳೆಯರೆಲ್ಲ ಸಮ’ ಎಂದು ಎಲ್ಲರಿಗೂ ಆ ಸ್ಥಾನ ಕೊಡುವ ಕ್ಲ್ಯಾನ್‌ಗಳಿವೆ. ನಮ್ಮ ಮನೆಯ ಕ್ಲ್ಯಾನಿನಲ್ಲೂ ಹಲವರಿಗೆ ಆ ಸ್ಥಾನ ಕೊಟ್ಟಿದ್ದೆ. ಒಂದು ಮಧ್ಯಾಹ್ನ ಚಿಕ್ಕಪ್ಪನ ಮಗ ಊಟಕ್ಕೆ ಕೂತಾಗ ಅವನ ಏಳು ವರ್ಷದ ಮಗಳು ಫೋನ್ ತೆಗೆದುಕೊಂಡು, ಕೆಂಪು ಬಟನ್ ಒತ್ತಿದರೆ ಹೆಸರು ಮಾಯವಾಗುವುದನ್ನು ಕಂಡು ಹನ್ನೊಂದು ಜನರನ್ನು ಹೊರಗೆ ಹಾಕಿದ್ದಳು. ಮಗು ಎಂದು ಗೊತ್ತಾಗುವಷ್ಟರಲ್ಲಿ ಇಬ್ಬರು ಅತ್ತಿಗೆಯರ ನಡುವೆ ಮಾತು ನಿಂತಿತ್ತು. ಅದು ಸರಿಯಾಗಲು ಯುಗಾದಿ ಬರಬೇಕಾಯಿತು. ಇಬ್ಬರು, ಹೆಚ್ಚೆಂದರೆ ಮೂವರು ಕೋ-ಲೀಡರ್ ಸಾಕು. ಯಾರನ್ನೇ ತೆಗೆಯುವ ಮುಂಚೆ ಇಬ್ಬರು ಮಾತಾಡಿಕೊಂಡಿರಬೇಕು ಎಂದು ಒಪ್ಪಂದ ಮಾಡಿಕೊಳ್ಳಿ.

ಕಿಕ್ ಮಾಡಿದ ಕೋ-ಲೀಡರ್ ಮೇಲೆ ಸಿಟ್ಟಾಗಬೇಡಿ. ಅವನು ನಿಮ್ಮದೇ ರೂಲನ್ನು ನಡೆಸಿದ. ಅವನ ಮೇಲೆ ಈ ತಪ್ಪನ್ನು ಹೊರಿಸಿ ನೀವು ಕೈತೊಳೆದುಕೊಂಡರೆ ಇಬ್ಬರು ಗೆಳೆಯರನ್ನು ಕಳೆದುಕೊಳ್ಳುತ್ತೀರಿ.

ನಿಮ್ಮ ಹೆಂಡತಿಯ ಮಾತಿನಲ್ಲಿ ಎರಡು ವಿಷಯಗಳಿವೆ. ‘ಚಟ’ ಎಂಬುದಕ್ಕೆ ವೈದ್ಯಕೀಯ ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರಬೇಕು, ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ನಡೆದಿರಬೇಕು. ನಿಮ್ಮ ಪತ್ರದಲ್ಲಿ ಅದರ ಲಕ್ಷಣ ನನಗೆ ಕಾಣಲಿಲ್ಲ. ಕೆಲಸ, ನಿದ್ದೆ, ಮನೆ ಹದಗೆಡುತ್ತಿದೆ ಅನ್ನಿಸಿದರೆ ಮಾತ್ರ ಹತ್ತಿರದ ಮನೋವೈದ್ಯರನ್ನು ನೋಡಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೇ ಬೇರೆ ಚಿಕಿತ್ಸಾಲಯವಿದೆ. ಆದರೆ ‘ದುಡ್ಡು ಬರದ ಇನ್ನೊಂದು ಕೆಲಸ’ ಎಂದಳಲ್ಲ, ಆ ಮಾತು ಪೂರ್ತಿ ನಿಜ. ನೀವು ಆಟ ಆಡುವುದಕ್ಕಿಂತ ಹೆಚ್ಚು ಹೊತ್ತು ಆಟ ನಡೆಸುತ್ತಿದ್ದೀರಿ. ಅದಕ್ಕೇ ಹೇಳಿದ್ದು, ಕೆಲಸ ಹಂಚಿ ಎಂದು.

ಕೊನೆಗೆ ದುಬೈ ಗೆಳೆಯ. ಮೇಲೆ ಬರೆದದ್ದೆಲ್ಲ ಇದರ ನಂತರದ್ದು. ಆಟದೊಳಗಿಂದ ಇನ್ವೈಟ್ ಕಳಿಸಬೇಡಿ, ವಾಟ್ಸಾಪ್ ಗುಂಪಿಗೆ ಮತ್ತೆ ಸೇರಿಸಬೇಡಿ. ಎರಡೂ ‘ಏನೂ ಆಗಿಲ್ಲ’ ಎಂದ ಹಾಗಾಗುತ್ತದೆ, ಅವನಿಗೆ ಆಗಿದೆ. ಫೋನ್ ಮಾಡಿ. ಅವನ ಶಿಫ್ಟ್ ಯಾವಾಗ ಮುಗಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಅವನ ತಮ್ಮನನ್ನು ಕೇಳಿ. ವಾರ್, ರೂಲ್, ಅಟ್ಯಾಕ್ ಎಂಬ ಪದಗಳು ಮೊದಲ ಐದು ನಿಮಿಷ ನಿಮ್ಮ ಬಾಯಲ್ಲಿ ಬರಬಾರದು. ‘ನಾನು ಮಲಗಿದ್ದೆ, ನನಗೆ ಗೊತ್ತಿರಲಿಲ್ಲ’ ಎಂದು ಶುರುಮಾಡಲೂಬೇಡಿ, ಅದು ನಿಜವೇ ಆಗಿದ್ದರೂ. ‘ಮಗಾ, ಆ ರೂಲ್ ಮಾಡಿದ್ದು ನಾನು, ಅದು ನಿನ್ನ ಮೇಲೆ ಬೀಳುತ್ತೆ ಅಂತ ಯೋಚನೆ ಮಾಡಲಿಲ್ಲ. ನೀನು ಊರಿಗೆ ಬಂದು ನನಗೆ ಹೇಳದೆ ಹೋದದ್ದು ತಿಳಿದು ಬಹಳ ಬೇಜಾರಾಯ್ತು.’ ಇಷ್ಟು ಹೇಳಿ ಸುಮ್ಮನಾಗಿ. ಅವನು ಬೈಯಬಹುದು, ಬೈಯಲಿ. ‘ಅಯ್ಯೋ ಬಿಡು ಗುರು, ಆಟ ತಾನೆ’ ಎಂದು ತೇಲಿಸಿಬಿಡಬಹುದು. ಹಾಗೆ ಅಂದರೆ ಅಲ್ಲಿಗೇ ಬಿಡಬೇಡಿ, ‘ಆಟಕ್ಕಲ್ಲ ನಾನು ಫೋನ್ ಮಾಡಿದ್ದು’ ಎಂದು ಒಮ್ಮೆಯಾದರೂ ಹೇಳಿ. ಅವನು ಕ್ಲ್ಯಾನಿಗೆ ಮರಳದೇ ಇರಬಹುದು. ಅದು ಅವನಿಷ್ಟ, ಒತ್ತಾಯ ಮಾಡಬೇಡಿ.

ಮುಂದಿನ ಲೀಗ್ ಒಂದನೇ ತಾರೀಕಿಗೆ ಶುರುವಾಗುತ್ತದೆ, ಪಟ್ಟಿ ಹಾಕಲು ನಿಮಗೆ ಎರಡು ದಿನ ಇರುತ್ತದೆ. ಫೋನ್ ಅದಕ್ಕಿಂತ ಮೊದಲೇ ಆಗಲಿ. ಪಟ್ಟಿಗೆ ಅವನು ಬೇಕಾಗಿದ್ದಕ್ಕೆ ಕರೆದಿರಿ ಎಂದು ಅವನಿಗೆ ಅನ್ನಿಸಬಾರದು.